ಕೊಕ್ಕೆ ಕೊನೆಯ ಕೆಲಸ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತೇವೆ. ರೋಪ್‌ವೇ ವಿಷಯದಲ್ಲಿ ಮಾತ್ರ ಕುಲಾವಿಯ ಅಳತೆ ಮೊದಲೇ ಬೇಕು. ಸಿಂಹಗಡ ಕೋಟೆಗೆ ರೋಪ್‌ವೇ ಬರುತ್ತದೆಂಬ ಮಾತು ಪುಣೆಯಲ್ಲಿ ವರ್ಷಗಳಿಂದ ಇದೆ, ನಮ್ಮ ಕಡೆ ನಂದಿಬೆಟ್ಟದ್ದೂ ಅದೇ ಕಥೆ. ಭಾನುವಾರ ಬೆಳಗಾದರೆ ಎರಡೂ ಘಾಟಿಗಳಲ್ಲಿ ಸೈಕಲ್‌ಗಳ ಸಾಲು. ಹಾಗಾಗಿ, ಹಿಮದ ಮೇಲೆ ಜಾರುವವರನ್ನು ಹಗ್ಗಕ್ಕೆ ತೂಗುಬಿಟ್ಟ ಕುರ್ಚಿಯಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಸ್ಕೀ ಲಿಫ್ಟಿಗೆ ಬೇಸಿಗೆಯಲ್ಲಿ ಸೈಕಲ್ ನೇತುಹಾಕುತ್ತಾರಲ್ಲ, ನಾವೂ ಒಂದು ಕೊಕ್ಕೆ ಬೆಸೆದರಾಯಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಕೊಕ್ಕೆ ಬೆಸೆಯಲು ಅರ್ಧ ಗಂಟೆ ಸಾಕು. ಅದಕ್ಕೆ ಮುಂಚಿನ ಕೆಲಸವೇ ದೊಡ್ಡದು.

ಮೊದಲು ತೂಕ. ನಾಲ್ಕು ಸೀಟಿನ ಕುರ್ಚಿಗೆ ತಲಾ 75–80 ಕೆಜಿಯಂತೆ 300 ಕೆಜಿಗೂ ಹೆಚ್ಚು ಜನಭಾರ ಹಿಡಿದಿರುತ್ತಾರೆ. ಇಳಿಜಾರಿಗೆಂದೇ ಮಾಡಿದ ಡೌನ್‌ಹಿಲ್ ಸೈಕಲ್ 15–17 ಕೆಜಿ, ಬ್ಯಾಟರಿಯದು 22–25. ನಾಲ್ಕು ತೂಗಿದರೂ 100 ದಾಟುವುದಿಲ್ಲ. ತೊಂದರೆ ಇರುವುದು ಅದನ್ನು ಎಲ್ಲಿ ತೂಗುತ್ತೇವೆ ಎಂಬುದರಲ್ಲಿ. 200 ಕೆಜಿಯ ಖಾಲಿ ಕುರ್ಚಿಯ ಒಂದೇ ಅಂಚಿಗೆ, ನಡುವಿನಿಂದ 1.2 ಮೀಟರ್ ಆಚೆ, ಎರಡು ಬ್ಯಾಟರಿ ಸೈಕಲ್ ಹಾಕಿ ನೋಡಿ. ಹಗ್ಗದಿಂದ ಎರಡೂವರೆ ಮೀಟರ್ ಕೆಳಗೆ ಭಾರದ ಕೇಂದ್ರ ಇದೆ ಎಂದಿಟ್ಟುಕೊಂಡರೆ, ಕುರ್ಚಿ ಐದು ಡಿಗ್ರಿಗೂ ಮಿಗಿಲಾಗಿ ಓರೆಯಾಗುತ್ತದೆ. ಹಗ್ಗದಿಂದ ಮೂರೂವರೆ ಮೀಟರ್ ಕೆಳಗಿರುವ ಅಂಚು ಒಂದಡಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಅದರ ಮೇಲೆ ಗಾಳಿ, ಹೊರಗೆ ಚಾಚಿದ ಹ್ಯಾಂಡಲ್. ಕಂಬದ ಏಣಿಗೂ ಚಕ್ರಕ್ಕೂ ಎಷ್ಟು ಅಂತರ ಉಳಿಯಿತು ಎಂಬುದನ್ನು ಪ್ರತಿ ಕಂಬದ ಬಳಿಯೂ ಅಳೆಯಬೇಕು, ಒಂದೆರಡನ್ನು ನೋಡಿ ಬಿಡುವಂತಿಲ್ಲ.

ಆಮೇಲೆ ವೇಗ. ಲಿಫ್ಟ್‌ಗಳಲ್ಲಿ ಎರಡು ಜಾತಿ. ಕುರ್ಚಿಯ ಹಿಡಿ ಹಗ್ಗಕ್ಕೆ ಕಾಯಂ ಕಚ್ಚಿಕೊಂಡಿರುವುದು ಒಂದು. ಅದು ನಿಲ್ದಾಣದಲ್ಲೂ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಸ್ಕೀ ತೊಟ್ಟವನು ಜಾರಿಕೊಂಡು ಬಂದು ಕೂರುತ್ತಾನೆ, ಸೈಕಲ್ ಹಿಡಿದು ನಡೆದು ಬರುವವನಿಗೆ ಅದು ಆಗದ ಮಾತು. ಹಾಗಾಗಿ ಇಡೀ ಲಿಫ್ಟನ್ನೇ ನಿಧಾನಿಸಬೇಕು. ಇನ್ನೊಂದು, ನಿಲ್ದಾಣಕ್ಕೆ ಬಂದಾಗ ಹಗ್ಗ ಬಿಡುವ ಜಾತಿ. ದಾರಿಯಲ್ಲಿ ಸೆಕೆಂಡಿಗೆ ಐದು ಮೀಟರ್, ನಿಲ್ದಾಣದೊಳಗೆ ಒಂದು ಮೀಟರ್ ಆಸುಪಾಸು. ಮುಂದಿನ ಚಕ್ರ ಎತ್ತಿ ಕೊಕ್ಕೆಗೆ ಸಿಕ್ಕಿಸಿ ಹಿಂದೆ ಸರಿಯಲು ಇದರಲ್ಲಿ ಸಮಯ ಸಿಗುತ್ತದೆ.

ಕೆನಡಾದ ವಿಸ್ಲರ್‌ನಂಥ ಕಡೆ ಸೈಕಲ್‌ಗೆ ಬೇರೆ ಕುರ್ಚಿ, ಸವಾರನಿಗೆ ಬೇರೆ ಕುರ್ಚಿ. ಆರು ಸೆಕೆಂಡಿಗೊಂದು ನಾಲ್ಕು ಸೀಟಿನ ಕುರ್ಚಿ ಎಂದರೆ ಗಂಟೆಗೆ 600 ಕುರ್ಚಿ, 2400 ಜನ. ಒಂದು ಬಿಟ್ಟು ಒಂದು ಸೈಕಲ್‌ಗೆ ಕೊಟ್ಟರೆ ಜನ 1200ಕ್ಕೆ ಇಳಿಯುತ್ತಾರೆ. ಭಾನುವಾರ ಪಿಠಲ-ಭಾಕರಿ (ಜುಣಕ-ರೊಟ್ಟಿ), ಮಡಕೆ ಮೊಸರಿಗೆಂದೇ ಗಡ ಹತ್ತುವ ಪುಣೇಕರರು ಈ ಲೆಕ್ಕಕ್ಕೆ ಒಪ್ಪಿಯಾರೇ?

ಕೊಕ್ಕೆಗೂ ಅದರದ್ದೇ ತಕರಾರುಗಳಿವೆ. 2.3 ಇಂಚಿನ ಟೈರಿಗೆಂದು ಮಾಡಿದ ತೋಡಿನಲ್ಲಿ 2.6 ಇಂಚಿನದು ಕೂರುವುದಿಲ್ಲ, ಮುಂದಿನ ಮಡ್‌ಗಾರ್ಡ್ ಇದ್ದರೆ ಕೊಕ್ಕೆ ರಿಮ್ಮಿಗೆ ತಲುಪುವುದಿಲ್ಲ. ರಬ್ಬರ್ ಹೊದಿಕೆ ಸವೆದ ಕೊಕ್ಕೆ ಕಾರ್ಬನ್ ರಿಮ್ಮನ್ನು ಗೀರುತ್ತದೆ. ಇಲ್ಲಿ ಪುಣೆಯಲ್ಲಿ ಟೆಂಪೋದಲ್ಲಿ ಸೈಕಲ್ ಒಯ್ಯುವಾಗ ನಡುವೆ ಗೋಧಡಿ, ನಮ್ಮ ಭಾಷೆಯ ಕೌದಿ, ತುರುಕಬಹುದು. ಲಿಫ್ಟಿನಲ್ಲಿ ಆ ಅನುಕೂಲ ಇಲ್ಲ. ಹೈಡ್ರಾಲಿಕ್ ಬ್ರೇಕಿನ ಸೈಕಲ್ ನೆಟ್ಟಗೆ ನೇತಾಡಿದರೆ ಒಳಗಿನ ಗಾಳಿಗುಳ್ಳೆ ಜಾಗ ಬದಲಿಸಬಹುದು. ಮೇಲೆ ಇಳಿಸಿಕೊಂಡ ಕೂಡಲೇ ಲಿವರನ್ನು ಐದಾರು ಸಲ ಒತ್ತಿ ಗಟ್ಟಿಯಾಯಿತೇ ನೋಡದೆ ಇಳಿಜಾರಿಗೆ ಬಿಡಬಾರದು. ಕುರ್ಚಿಗೆ ಕೂರುವವರು ಬೆನ್ನಚೀಲವನ್ನು ಮಡಿಲಿಗೆ ತೆಗೆದುಕೊಳ್ಳಬೇಕು. ಅದರ ಪಟ್ಟಿ ಕುರ್ಚಿಗೆ ಸಿಕ್ಕಿಕೊಂಡರೆ ಇಳಿಯುವ ಜಾಗದಲ್ಲಿ ಮನುಷ್ಯನನ್ನು ಎಳೆದುಕೊಂಡೇ ಹೋಗುತ್ತದೆ.

ಹಿಮ ಕರಗಿದರೆ ನೆಲವೂ ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ಸೀಟಿಗೆ ಸರಿಹೊಂದುತ್ತಿದ್ದ ಹತ್ತುವ ಕಟ್ಟೆಗೆ ಬೇಸಿಗೆಯಲ್ಲಿ ಮರದ್ದೋ ಜಲ್ಲಿಯದೋ ಮೇಲುಹಾಸು ಬೇಕು. ಇಳಿಯುವ ಕಡೆ ಸ್ಕೀಯವನು ಜಾರಿಹೋಗುತ್ತಾನೆ, ನಡೆಯುವವನಿಗೆ ಸಮತಟ್ಟು ಜಾಗ ಇಲ್ಲದಿದ್ದರೆ ಹಿಂದಿನಿಂದ ಕುರ್ಚಿ ಬಂದು ಮಂಡಿಗೆ ಬಡಿಯುತ್ತದೆ.

ಸಹ್ಯಾದ್ರಿಗೆ ಈ ಹಿಮದ ತಲೆನೋವು ಇಲ್ಲ. ಇನ್ನೂ ಎರಡು ಅನುಕೂಲ ಇವೆ. ಸ್ಕೀ ಲಿಫ್ಟ್‌ ತುಂಬಿ ಹತ್ತುತ್ತದೆ, ಖಾಲಿ ಇಳಿಯುತ್ತದೆ. ಮೋಟಾರು, ಬ್ರೇಕು ಎಲ್ಲ ಅದಕ್ಕೇ ತಕ್ಕಂತೆ, ಆದ್ದರಿಂದ ಬೇಸಿಗೆಯಲ್ಲಿ ಕೆಳಗೆ ಕರೆತರುವ ಜನರಿಗೆ ಮಿತಿ ಹಾಕಬೇಕಾಗುತ್ತದೆ. ನಮ್ಮಲ್ಲಿ ಯಾತ್ರಿಕರು ಹತ್ತುವುದೂ ಇಳಿಯುವುದೂ ಅದರಲ್ಲೇ, ವಿನ್ಯಾಸವೇ ಎರಡೂ ಕಡೆಯ ಭಾರಕ್ಕೆ. ಎರಡನೆಯದು ಮಳೆ. ಅಲ್ಲಿ ಹಗ್ಗದ ತಪಾಸಣೆ, ಹಿಡಿಗಳ ದುರಸ್ತಿಗೆ ಇದ್ದ ಬೇಸಿಗೆಯನ್ನು ಸೈಕಲ್ ನುಂಗಿತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುರಸ್ತಿಗೆ ಬಿಡುವು ತಾನಾಗಿ ಸಿಗುತ್ತದೆ, ಶ್ರಾವಣದ ಆದಾಯ ಬಿಡುವ ಮನಸ್ಸಿದ್ದರೆ.

ಆದರೆ ಕುರ್ಚಿಯೇ ಬರುತ್ತದೆಂದು ನಂಬಬೇಡಿ. ರಾಜಗೀರ್, ಔಲಿ, ಗುಲ್ಮಾರ್ಗ್‌ಗಳಲ್ಲಿ ಕುರ್ಚಿ ಉಂಟು, ಮಹಾರಾಷ್ಟ್ರದ ರಾಯಗಡದಲ್ಲಿ 1996ರಿಂದ ಓಡುತ್ತಿರುವುದು ಜನ ಒಳಗೆ ಕೂರುವ ಡಬ್ಬಿ. ಡಬ್ಬಿಯಾದರೆ ಬಾಗಿಲ ಅಗಲವೇ ಎಲ್ಲ. ಈಗಿನ ಹ್ಯಾಂಡಲ್ 78–80 ಸೆಂಟಿಮೀಟರ್. ಸೈಕಲನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿ, ಹ್ಯಾಂಡಲ್ ತಿರುಗಿಸಿ ತಳ್ಳಬೇಕು. ಬಾಗಿಲು, ಕಂಬದ ಅಂತರ, ನಿಲ್ದಾಣದ ವೇಗ, ಈ ಮೂರನ್ನು ನಕ್ಷೆಯ ಹಂತದಲ್ಲೇ ಕೇಳಬೇಕು. ಕೇಳುವುದರಲ್ಲಿ ಪುಣೆಯವರು ಗಟ್ಟಿಗರು, ಟೇಕಡಿಯ, ಅಂದರೆ ಗುಡ್ಡದ, ಒಂದು ಮರಕ್ಕೂ ಸಭೆ ಸೇರಿಸುತ್ತಾರೆ. ನಾವು ರಿಬ್ಬನ್ ಕತ್ತರಿಸಿದ ಮೇಲೆ ಬೈಯುವವರು.

ಮೇಲೆ ಮುಟ್ಟಿದ ಸೈಕಲ್ ಇಳಿಯುವುದೆಲ್ಲಿ? ಸಿಂಹಗಡದ ಕಾಲುದಾರಿಯಲ್ಲಿ ಚಾರಣಿಗರು, ಮಕ್ಕಳು, ಮಜ್ಜಿಗೆ ಮಾರುವವರು. ಘಾಟಿಯಲ್ಲಿ ಜೀಪು, ಬೈಕು. ಸೈಕಲ್‌ಗೇ ಬೇರೆ ಹಾದಿ ಕಡಿಯದಿದ್ದರೆ ಲಿಫ್ಟಿಗೆ ಕೊಕ್ಕೆ ಹಾಕಿ ಉಪಯೋಗವಿಲ್ಲ. ಭಾನುವಾರದ ಇಪ್ಪತ್ತು ಸೈಕಲ್‌ಗೆ ಒಂದು ಟೆಂಪೋ, ಹತ್ತು ಗೋಧಡಿ ಸಾಕು.