ಮುಚ್ಚಳ ಮಾವ, ಮುಚ್ಚಳ!

ನಿನ್ನೆ ರಾತ್ರಿ ಹನ್ನೊಂದೂವರೆಗೆ ನಾನು ಹಿತ್ತಲಲ್ಲಿ ಗುಂಡಿ ತೋಡ್ತಾ ಇದ್ದೆ. ಎರಡೂ ಕೈಯಲ್ಲಿ ಗುದ್ದಲಿ, ಟಾರ್ಚ್ ಹಿಡಿಯೋಕೆ ಯಾರೂ ಇಲ್ಲ ಅಂತ ಮೊಬೈಲ್ ಬಾಯಲ್ಲಿ ಕಚ್ಕೊಂಡಿದ್ದೆ, ಕಾಲ ಹತ್ರ ಪೇಪರಲ್ಲಿ ಸುತ್ತಿದ ಒಂದು ಗಂಟು. ಪಕ್ಕದ್ಮನೆ ಅಂಕಲ್ ಕಾಂಪೌಂಡ್ ಮೇಲಿಂದ ತಲೆ ಹಾಕಿ "ಏನ್ ಸಾರ್, ಇಷ್ಟೊತ್ನಲ್ಲಿ?" ಅಂದ್ರು. ನಾನು "ಮ್ಮ್ ಮ್ಮ್" ಅಂದೆ. ಅವರು ಗಂಟು ನೋಡಿದ್ರು, ಗುದ್ದಲಿ ನೋಡಿದ್ರು, ಮತ್ತೆ ಗಂಟು ನೋಡಿದ್ರು, ಮಾತಾಡ್ದೆ ಒಳಗೆ ಹೋದ್ರು. ಚಿಲಕ ಹಾಕಿದ ಸದ್ದು ಕೇಳಿಸ್ತು, ಆಮೇಲೆ ಮೇಲ್ಗಡೆ ಚಿಲಕಾನೂ.

ಗಂಟಲ್ಲಿ ಇದ್ದಿದ್ದು ಹದಿನೈದು ಕೋಳಿ ಮೊಟ್ಟೆ. ಮೊಟ್ಟೆ ಅನ್ನೋ ಹಾಗೂ ಇಲ್ಲ, ಮರಿ ಅನ್ನೋ ಹಾಗೂ ಇಲ್ಲ, ಎರಡರ ಮಧ್ಯೆ ಎಲ್ಲೋ ನಿಂತೋಗಿದ್ವು. ಇಟ್ಟಿದ್ದು 24, ಎದ್ದಿದ್ದು ಒಂದು. ಇದು ಮೂರನೇ ಬ್ಯಾಚು. ಮೊದಲನೇದು ಫ್ರಿಜ್ಜಲ್ಲಿದ್ದ ಮೊಟ್ಟೆ ಅಂತ ಇಟ್ಟು ಎಂಟು ದಿನ ಆದ್ಮೇಲೆ ಗೊತ್ತಾಯ್ತು, ಎರಡನೇದ್ರ ಬಗ್ಗೆ ಮಾತಾಡೋದೇ ಬೇಡ.

ಮನೇಲಿ ನಾಲ್ಕು ಗಿರಿರಾಜ ಕೋಳಿ ಅವೆ, ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ತಳಿ. ಮೊಟ್ಟೆ ಏನೋ ಇಕ್ತವೆ, ಆದ್ರೆ ಕಾವಿಗೆ ಕೂರೋ ಯೋಚ್ನೆನೇ ಇಲ್ಲ ಅವಕ್ಕೆ. ಇಕ್ಕಿದ ತಕ್ಷಣ ಎದ್ದು ಹೋಗ್ತವೆ, ಆಫೀಸಲ್ಲಿ ಪಂಚ್ ಮಾಡಿ ಟೀಗೆ ಹೋಗೋರ ಥರ. ಸರಿ, ಇವು ಕೂರಲ್ಲ ಅಂದ್ರೆ ನಾವೇ ಕೂರಿಸೋಣ ಅಂತ ಮೀನಿನ ಅಂಗಡಿಯಿಂದ ಥರ್ಮಾಕೋಲ್ ಡಬ್ಬ ತಂದೆ, ಎರಡು ಬಲ್ಬು, ಹಳೇ ಕಂಪ್ಯೂಟರಿಂದ ಕಿತ್ತ ಫ್ಯಾನು, ಆನ್‌ಲೈನಲ್ಲಿ ತರಿಸಿದ ಥರ್ಮೋಸ್ಟ್ಯಾಟು, ತೇವಕ್ಕೆ ಒಂದು ಬಟ್ಟಲು ನೀರು. ಡಬ್ಬ ಮೂರು ಸಲ ತೊಳೆದ್ರೂ ಬಲ್ಬ್ ಬಿಸಿಗೆ ಬಂಗಡೆ ವಾಸ್ನೆ ಬರುತ್ತೆ, ಬೆಕ್ಕು ದಿನಾ ಬಂದು ಎದುರಿಗೆ ಕೂರುತ್ತೆ.

ನೋಡೋಕೆ ಇಷ್ಟೇ ಕೆಲಸ. 21 ದಿನ, 37.5 ಡಿಗ್ರಿ, ದಿನಕ್ಕೆ ಮೂರು ಸಲ ಮೊಟ್ಟೆ ತಿರುಗಿಸ್ಬೇಕು, 18ನೇ ದಿನ ತಿರುಗಿಸೋದು ನಿಲ್ಲಿಸಿ ತೇವ ಜಾಸ್ತಿ ಮಾಡಿ ಮುಚ್ಚಳ ಮುಚ್ಚಿ ಕೈ ಕಟ್ಕೊಂಡು ಕೂತ್ಕೋಬೇಕು. ಆದ್ರೆ 37.5 ಅಂತ ಯಾರು ಹೇಳೋದು? ಥರ್ಮೋಸ್ಟ್ಯಾಟ್ 37.5 ಅಂದ್ರೆ ಗಾಜಿನ ಥರ್ಮಾಮೀಟರ್ 36 ಅನ್ನುತ್ತೆ, ತೇವದ ಮೀಟರಲ್ಲಿ ಪುಕ್ಕಟೆ ಬರೋ ಥರ್ಮಾಮೀಟರ್ 39 ಅನ್ನುತ್ತೆ. ಮೂರು ಜನ ಜ್ಯೋತಿಷಿಗಳಿಗೆ ಒಂದೇ ಜಾತಕ ಕೊಟ್ಟ ಹಾಗಾಯ್ತು. ಕೊನೆಗೆ ಮಗಳ ಜ್ವರದ ಥರ್ಮಾಮೀಟರ್ ಒಳಗೆ ಇಟ್ಟೆ, ಅದನ್ನೇ ನಂಬಿದೆ. ಆ ವಾರವೇ ಮಗಳಿಗೆ ಜ್ವರ ಬರ್ಬೇಕಾ? "ಥರ್ಮಾಮೀಟರ್ ಎಲ್ರೀ" ಅಂದ್ಲು ಹೆಂಡ್ತಿ. "ಮೊಟ್ಟೆ ಹತ್ರ ಇದೆ" ಅಂದೆ. ಅವಳು ನೋಡಿದ ನೋಟಕ್ಕೆ ಕಾವು ಕೊಟ್ಟಿದ್ರೆ 24ಕ್ಕೆ 24 ಎದ್ದಿರೋವು.

ಮೊಟ್ಟೆ ತಂದಿದ್ದು ಫ್ರೆಂಡ್ ತೋಟದಿಂದ, ಬೈಕಲ್ಲಿ. ದಾರೀಲಿ ಎಷ್ಟು ಹಂಪ್ ಇದ್ವು ಅಂತ ಮೊಟ್ಟೆಗಳನ್ನೇ ಕೇಳ್ಬೇಕು. ಹಾಗೆ ಕುಲುಕಿ ತಂದ ಮೊಟ್ಟೆನ ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ನೆ ಬಿಡ್ಬೇಕಂತೆ, ಒಳಗಿರೋ ಗಾಳಿ ಗೂಡು ಸುಧಾರಿಸ್ಕೊಳ್ಳೋಕೆ. ಆದ್ರೆ ನಮ್ಮ ಮಾವ "ನಾಳೆ ಅಮಾಸೆ, ಇವತ್ತೇ ಇಟ್ಬುಡಿ" ಅಂದ್ರು. ಇಟ್ಬುಟ್ಟೆ.

ಈಗ ಮಾವನ ವಿಷಯಕ್ಕೆ ಬರ್ತೀನಿ, ಬರ್ದೇ ಇರೋಕಾಗಲ್ಲ.

ನಮ್ಮ ಮಾವ ನಾಗಮಂಗಲದ ಕಡೆಯೋರು, ಅತ್ತೆ ಹೋದ್ಮೇಲೆ ನಮ್ಮ ಜೊತೆಗೇ ಇದಾರೆ. ಬಂಗಾರದಂಥ ಮನುಷ್ಯ. ಒಂದೇ ಅಭ್ಯಾಸ, ಮನೆಗೆ ಯಾರೇ ಬರ್ಲಿ, ನೀರು ಕೊಡೋಕೂ ಮುಂಚೆ "ಬಾರಪ್ಪ ಇಲ್ಲಿ, ನಮ್ಮ ಅಳಿಮಯ್ಯ ಕರೆಂಟ್ನಲ್ಲೇ ಕಾವು ಕೂರ್ಸವ್ರೆ ನೋಡು" ಅಂತ ಕರ್ಕೊಂಡೋಗಿ ಮುಚ್ಚಳ ಎತ್ತೋದು. ಹಾಲಿನ ಹುಡುಗನಿಗೆ ತೋರ್ಸಿದ್ರು, ಸಿಲಿಂಡರ್ ಹುಡುಗನಿಗೆ ತೋರ್ಸಿದ್ರು, ಮೀಟರ್ ರೀಡಿಂಗ್ ಬಂದೋರಿಗೆ ತೋರ್ಸಿ "ಈ ಎರಡು ಬಲ್ಬ್‌ಗೆ ಎಷ್ಟು ಬತ್ತದೆ ಸ್ವಾಮಿ ಬಿಲ್ಲು" ಅಂತ ಹತ್ತು ನಿಮಿಷ ಚರ್ಚೆ ಮಾಡಿದ್ರು, ಸೊಪ್ಪಿನಮ್ಮ ಅಂತೂ ದಿನಾ ಬಂದು ದಂಟಿನ ಸೊಪ್ಪು ಕೊಟ್ಟು "ಎಲ್ಲಿಗಂಟ ಬಂತು ಯಜಮಾನ್ರೇ" ಅಂತ ವಿಚಾರಿಸ್ಕೊಂಡು ಹೋಗೋಳು, ಅವಳಿಗೆ ಸ್ಪೆಷಲ್ಲಾಗಿ ಒಂದು ಮೊಟ್ಟೆ ಕೈಗೆತ್ತಿ ಟಾರ್ಚ್ ಬಿಟ್ಟು ಒಳಗಿನ ಕೆಂಪು ನರ ತೋರಿಸೋದು. ನಾನು ತಿರುಗಿಸಿದ್ದು ಗೊತ್ತಾಗ್ಲಿ ಅಂತ ಪ್ರತಿ ಮೊಟ್ಟೆಗೂ ಒಂದು ಕಡೆ ಗುಣಾಕಾರ ಚಿಹ್ನೆ ಇನ್ನೊಂದು ಕಡೆ ಸೊನ್ನೆ ಹಾಕಿ, ಬೆಳಿಗ್ಗೆ ಗುಣಾಕಾರ ಮೇಲೆ ಮಾಡಿಟ್ಟು ಆಫೀಸಿಗೆ ಹೋದ್ರೆ, ಸಂಜೆ ಬರೋಷ್ಟರಲ್ಲಿ ಅರ್ಧ ಸೊನ್ನೆ ಅರ್ಧ ಗುಣಾಕಾರ, ಯಾರೋ ಲೆಕ್ಕದ ಪರೀಕ್ಷೆ ಬರೆದು ಎದ್ದುಹೋದ ಹಾಗೆ.

ಮಾವನಿಗೆ ಹೇಗೆ ಹೇಳೋದು? "ಮಾವ, ಮುಚ್ಚಳ ತೆಗೀಬಾರ್ದಂತೆ" ಅಂದೆ ಒಂದಿನ. "ಔದೌದು, ತೆಗೀಬಾರ್ದು" ಅಂದ್ರು, ಅಷ್ಟೇ ಗಂಭೀರವಾಗಿ. ಮಾರನೇ ದಿನ ಮುಚ್ಚಳ ಎತ್ಕೊಂಡು ಸೊಪ್ಪಿನಮ್ಮನಿಗೆ "ಇದ್ನ ತೆಗೀಬಾರ್ದಂತೆ ಕಣಮ್ಮ" ಅಂತ ವಿವರಿಸ್ತಾ ಇದ್ರು.

ಏಳನೇ ದಿನ ಟಾರ್ಚಲ್ಲಿ ನೋಡಿದಾಗ ಐದು ಗೊಡ್ಡು ಮೊಟ್ಟೆ, ಏನೂ ಇಲ್ಲ, ಬಲ್ಬಿನ ಹಾಗೆ ಬೆಳಗ್ತಾವೆ. ಫ್ರೆಂಡ್ ತೋಟದಲ್ಲಿ ಮೂವತ್ತು ಹೇಂಟೆಗೆ ಒಂದೇ ಹುಂಜ ಅಂತೆ, ಎಂಟತ್ತಕ್ಕೆ ಒಂದು ಇರ್ಬೇಕು, ಪಾಪ ಅದಾದ್ರೂ ಏನ್ ಮಾಡುತ್ತೆ. ಇನ್ನೆರಡರಲ್ಲಿ ಬಳೆ ಥರ ರಕ್ತದ ಗೆರೆ, ಅಂದ್ರೆ ಶುರುವಲ್ಲೇ ಸತ್ತಿವೆ. ಒಂಬತ್ತನೇ ದಿನ ಕರೆಂಟ್ ಹೋಯ್ತು, ಐದು ಗಂಟೆ. ನಾನು ಡಬ್ಬಕ್ಕೆ ಕಂಬಳಿ ಹೊದಿಸಿ, ಒಳಗೆ ಬಿಸಿನೀರು ತುಂಬಿದ ಬಾಟ್ಲು ಇಟ್ಟು, ಹೆಂಡ್ತಿ ಬಾಣಂತನದಲ್ಲೂ ಇಷ್ಟು ಆರೈಕೆ ಮಾಡಿರ್ಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ನೋಡಿದ್ರೆ 40 ದಾಟಿತ್ತು. ತಣ್ಣಗಾದ್ರೆ ಮೊಟ್ಟೆ ಒಂದಷ್ಟು ಹೊತ್ತು ತಡ್ಕೊಳುತ್ತೆ, ಕಾವಿಗೆ ಕೂತ ಕೋಳಿನೂ ದಿನಾ ಎದ್ದು ಕಾಳು ತಿಂದು ಬರುತ್ತಲ್ಲ. ಬಿಸಿ ಜಾಸ್ತಿ ಆದ್ರೆ ಮಾತ್ರ ತಡೆಯಲ್ಲ. 14ನೇ ದಿನ ಒಂದನ್ನ ತೆಗೆದು ಹಾಕಿದೆ, ಇನ್ನೆರಡರ ಮೇಲೆ ಡೌಟಿತ್ತು, ಕೋರ್ಟಲ್ಲಿ ಕೊಡ್ತಾರಲ್ಲ ಹಾಗೆ ಸಂಶಯದ ಲಾಭ ಕೊಟ್ಟು ಬಿಟ್ಟೆ. ಉಳಿದಿದ್ದು ಹದಿನಾರು.

18ನೇ ದಿನ ಮುಚ್ಚಳಕ್ಕೆ ಸೆಲ್ಲೋಟೇಪ್ ಹಾಕಿದೆ. ಈ ಕೊನೇ ಮೂರು ದಿನ ಮುಖ್ಯ, ತೇವ ನೂರಕ್ಕೆ 65, 70 ಇರ್ಬೇಕು, ತೆಗೆದ್ರೆ ಒಂದೇ ಕ್ಷಣಕ್ಕೆ ಇಳಿದುಹೋಗುತ್ತೆ, ಚಿಪ್ಪಿನ ಒಳಗಿನ ಬಿಳಿ ಪೊರೆ ಒಣಗಿ ಮರಿಗೆ ಅಂಟ್ಕೊಳುತ್ತೆ, ಆಮೇಲೆ ಅದು ತಿರುಗೋಕೂ ಆಗಲ್ಲ. ಇದನ್ನೆಲ್ಲ ಮಾವನಿಗೆ ಕೂರಿಸ್ಕೊಂಡು ಹೇಳಿದೆ. ಕಣ್ಣು ಅಗಲ ಮಾಡ್ಕೊಂಡು ಕೇಳಿದ್ರು.

20ನೇ ದಿನ ಮಧ್ಯಾಹ್ನ ಆಫೀಸಲ್ಲಿ ಮೀಟಿಂಗ್ ನಡೀತಿದೆ, ಹೆಂಡ್ತಿ ವಿಡಿಯೋ ಕಾಲ್. ಏನೋ ಎಮರ್ಜೆನ್ಸಿ ಅಂತ ಎತ್ತಿದೆ. "ರೀ, ಮೊಟ್ಟೆ ಬಿರೀತಾ ಇದೆ ನೋಡಿ!" ಮೊಬೈಲಲ್ಲಿ ಕಂಡಿದ್ದೇನು, ಯಾರೋ ಮದ್ವೆ ಕಾರ್ಡ್ ಕೊಡೋಕೆ ಬಂದೋರು ಗಂಡ ಹೆಂಡ್ತಿ ಎರಡು ಮಕ್ಕಳು ಒಬ್ರು ಅಜ್ಜಿ, ಎಲ್ಲಾ ಡಬ್ಬದ ಸುತ್ತ ಹೋಮಕುಂಡದ ಸುತ್ತ ಕೂತ ಹಾಗೆ ಕೂತವ್ರೆ, ನಡುವೆ ಮಾವ ಮುಚ್ಚಳಾನ ತಲೆ ಮೇಲೆ ಛತ್ರಿ ಥರ ಹಿಡ್ಕೊಂಡು ನಿಂತವ್ರೆ, ಸೆಲ್ಲೋಟೇಪ್ ಅವರ ಕಿವಿ ಹತ್ರ ಜೋತಾಡ್ತಾ ಇದೆ.

"ಮುಚ್ಚಳ!" ಅಂದೆ.

ನೆಟ್‌ವರ್ಕ್ ಸರಿ ಇಲ್ಲ. "ಏನಂದ್ರಿ ಅಳಿಮಯ್ಯ?"

"ಮುಚ್ಚಳ ಮಾವ, ಮುಚ್ಚಳ!"

"ಹಾಂ, ಮುಚ್ಚಳ ಇಲ್ಲೇ ಐತೆ" ಅಂತ ಮುಚ್ಚಳ ಇನ್ನೂ ಮೇಲೆತ್ತಿ ಕ್ಯಾಮೆರಾಗೆ ತೋರ್ಸಿದ್ರು. ಹಿಂದಕ್ಕೆ ತಿರುಗಿಸಿ ಆ ಕಡೇನೂ ತೋರ್ಸಿದ್ರು. ನಾನು ಎದ್ದು ನಿಂತು "ಮುಚ್ಚಿ ಮಾವ, ಮುಚ್ಚಿ!" ಅಂತ ಕೂಗಿದೆ. ಮೀಟಿಂಗಲ್ಲಿ ಆಗ ಮಾತಾಡ್ತಾ ಇದ್ದಿದ್ದು ನಮ್ಮ ಮ್ಯಾನೇಜರ್ರು. ಅವರು ಬಾಯಿ ಮುಚ್ಚಿದ್ರು.

ಆ ಕಡೆ ಮಾತ್ರ ಮುಚ್ಚಲಿಲ್ಲ, ಯಾಕಂದ್ರೆ ಅಜ್ಜಿ "ನಂಗ್ ಕಾಣ್ಲಿಲ್ಲ" ಅಂದ್ರು.

ಸಂಜೆ ಒಂದು ಮರಿ ಈಚೆ ಬಂತು. ಇನ್ನು ನಾಲ್ಕು ಕೊಕ್ಕಿನ ತುದಿ ಅಷ್ಟು ತೂತು ಮಾಡಿದ್ವು, ಒಳಗಿಂದ ಚೀಂವ್ ಅನ್ನೋವು. ತೂತು ಬಿದ್ಮೇಲೆ ಪೂರ್ತಿ ಬರೋಕೆ ಹನ್ನೆರಡು ಗಂಟೆ, ಇಪ್ಪತ್ನಾಲ್ಕು ಗಂಟೆ ಆಗುತ್ತೆ, ಕೈ ಹಾಕಬಾರ್ದು ಅಂತ ನಾನೂ ಕಾದೆ. 21 ಆಯ್ತು, 22 ಆಯ್ತು. ಚೀಂವ್ ನಾಲ್ಕಿದ್ದಿದ್ದು ಎರಡಾಯ್ತು, ಒಂದಾಯ್ತು. 23ನೇ ದಿನ ಅಂದ್ರೆ ನಿನ್ನೆ, ಏನೂ ಕೇಳಿಸ್ಲಿಲ್ಲ.

ರಾತ್ರಿ ಎಲ್ರೂ ಮಲಗಿದ್ಮೇಲೆ ಪೇಪರ್ ಹಾಸ್ಕೊಂಡು ಒಂದೊಂದೇ ಒಡೆದು ನೋಡಿದೆ. ತೂತು ಮಾಡಿದ್ದ ನಾಲ್ಕರಲ್ಲೂ ಪೊರೆ ಬಟರ್ ಪೇಪರ್ ಥರ ಒಣಗಿ ಪುಕ್ಕಕ್ಕೆ ಅಂಟಿತ್ತು. ಇದು ಮಾವನ ಲೆಕ್ಕ, ನಾನು ಹಲ್ಲು ಕಚ್ಕೊಂಡು ಒಂದು ಕಡೆ ಇಟ್ಟೆ. ಸಂಶಯದ ಲಾಭ ತಗೊಂಡಿದ್ದ ಎರಡು ಅರ್ಧಕ್ಕೇ ನಿಂತಿದ್ವು, ಕರೆಂಟಿನ ಲೆಕ್ಕ. ಆದ್ರೆ ಉಳಿದ ಒಂಬತ್ತು? ಪೂರ್ತಿ ಬೆಳೆದಿವೆ, ಉಗುರು ಕೂಡ ಬಂದಿದೆ, ದಪ್ಪಗೆ ಒದ್ದೊದ್ದೆ, ಚಿಪ್ಪಿಗೆ ಒಂದು ಗೀರೂ ಬಿದ್ದಿಲ್ಲ. ಗಾಳಿ ಗೂಡು ನೋಡಿದ್ರೆ ನಾಲ್ಕಾಣೆಯಷ್ಟೂ ಇಲ್ಲ.

ಅದ್ಯಾಕೋ ತಲೇಲಿ ಕೊರೀತಿತ್ತು, ಮಣ್ಣು ಮಾಡಿ ಬಂದ್ಮೇಲೆ ನಿದ್ದೆ ಬರ್ಲಿಲ್ಲ. ಎದ್ದು ಬಾಟ್ಲಿ ಮುಚ್ಚಳದಲ್ಲಿ ಪುಡಿಉಪ್ಪು ಹಾಕಿ, ಕರಗದ ಹಾಗೆ ಎರಡು ತೊಟ್ಟು ನೀರು ಬಿಟ್ಟು, ತೇವದ ಮೀಟರ್ ಜೊತೆ ಜಿಪ್ ಕವರಲ್ಲಿಟ್ಟು ಮಲಗಿದೆ. ಏಳೆಂಟು ಗಂಟೆ ಬಿಟ್ರೆ ಒಳಗೆ ತೇವ 75 ಆಗುತ್ತೆ, ಮೀಟರ್ ಸರಿ ಇದ್ರೆ 75 ತೋರಿಸ್ಬೇಕು. ಇದನ್ನ ಮೊಟ್ಟೆ ಇಡೋಕೆ ಮುಂಚೆ ಮಾಡ್ಬೇಕಿತ್ತು, ಗೊತ್ತಿತ್ತು, ಆಮೇಲ್ ಮಾಡಣ ಅಂತ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ 63.

ಅಂದ್ರೆ ಹದಿನೆಂಟು ದಿನ ನಾನು 50 ಅಂತ ನಂಬಿ ಬಟ್ಟಲಿಗೆ ನೀರು ಹಾಕಿದ್ದು ನಿಜವಾಗಿ 62ರ ಹತ್ರ. ಮೊಟ್ಟೆ ಅಷ್ಟು ದಿನದಲ್ಲಿ ತನ್ನ ತೂಕದಲ್ಲಿ ನೂರಕ್ಕೆ ಹನ್ನೊಂದರಿಂದ ಹದಿಮೂರರಷ್ಟು ನೀರು ಕಳ್ಕೋಬೇಕು, ಆಗ್ಲೇ ಗಾಳಿ ಗೂಡು ದೊಡ್ಡದಾಗೋದು, ಮರಿ ಮೊದಲ ಉಸಿರು ತಗೊಳ್ಳೋದು ಅಲ್ಲೇ. ಇಲ್ಲಿ ಆವಿ ಆಗೋಕೇ ಬಿಡ್ದೆ ಒಂಬತ್ತನ್ನ ಒಳಗೇ ಮುಳುಗಿಸಿಬಿಟ್ಟಿದ್ದೀನಿ. ಹೆಂಡ್ತಿಗೆ ಹೇಳಿದೆ. ಅವಳು ದೋಸೆ ಮಗುಚ್ತಾ, "ಹಾಗಾದ್ರೆ ಅಪ್ಪ ದಿನಾ ಮುಚ್ಚಳ ತೆಗ್ದು ಗಾಳಿ ಆಡಿಸ್ದೇ ಇದ್ದಿದ್ರೆ ಆ ಒಂದೂ ಬರ್ತಿರ್ಲಿಲ್ಲ ಅನ್ನಿ" ಅಂದ್ಲು. ನಾನು ಏನೋ ಹೇಳೋಕೆ ಹೋದೆ. "ಕರೆಂಟಿಂದೂ ತಪ್ಪಿಲ್ಲ, ಬಾಟ್ಲು ಇಟ್ಟಿದ್ದು ನೀವೇ" ಅಂತ ಅದನ್ನೂ ಸೇರಿಸಿದ್ಲು. ಹದಿನೈದರಲ್ಲಿ ಹನ್ನೊಂದು ನನ್ನ ತಲೆಗೆ ಬಂತು. ದೋಸೆ ಎರಡೇ ಬಂತು.

ಬದುಕಿರೋ ಆ ಒಂದಕ್ಕೆ ಮಗಳು ಬಲ್ಬು ಅಂತ ಹೆಸರಿಟ್ಟಿದಾಳೆ. ಒಂಟಿ ಪಿಳ್ಳೆ ಇಡೀ ರಾತ್ರಿ ಅರಚುತ್ತೆ, ಜೊತೆ ಬೇಕು ಅದಕ್ಕೆ. ಮೊನ್ನೆ ರಾತ್ರಿ ನೀರು ಕುಡಿಯೋಕೆ ಎದ್ದಾಗ ನೋಡಿದ್ರೆ ಮಾವ ಆ ರಟ್ಟಿನ ಡಬ್ಬದ ಪಕ್ಕ ಕೂತು ತಾಯಿಕೋಳಿ ಥರ "ಕ್ಕೊ ಕ್ಕೊ ಕ್ಕೊ" ಅಂತ ಸಣ್ಣಗೆ ಸದ್ದು ಮಾಡ್ತಾ ಇದ್ರು, ಅದು ಅವರ ಅಂಗೈಗೆ ಒರಗಿ ಸುಮ್ನಾಗಿತ್ತು. "ನಿಮ್ಮತ್ತೆ ಹಿಂಗೇ ಮಾಡೋಳು" ಅಂದ್ರು. ರಾಗಿ ಹುಲ್ಲು ಹಾಸಿ, ಒಂದು ಚೂರು ಇದ್ದಿಲು ಹಾಕಿ, ಹದಿಮೂರು ಇಟ್ಟು ಕೋಳಿ ಮೇಲೆ ಮಂಕರಿ ಕವುಚಿದ್ರೆ ಹನ್ನೆರಡು ಎದ್ದೇಳೋವಂತೆ. ಹೇಗೆ ಮಾಡ್ತಿದ್ರು ಮಾವ ಅಂದೆ.

"ನಂಗೇನ್ ಗೊತ್ತು? ನಲ್ವತ್ತು ವರ್ಷ ಮಂಕ್ರಿ ಹತ್ರಕ್ಕೇ ಸೇರಿಸ್ಲಿಲ್ಲ ನನ್ನ. ನೋಡಿದ್ರೆ ಕಣ್ಣಾಯ್ತದೆ ಅನ್ನೋಳು. ಒಳಗೇನ್ ನಡೀತದೆ ಅಂತ ನಾನ್ ನೋಡಿದ್ದೇ ಈ ನಿಮ್ಮ ಡಬ್ಬದಲ್ಲಿ."

ಅದಕ್ಕೇ ಇವತ್ತು ಬೆಳಿಗ್ಗೆ, ಹನ್ನೊಂದು ನನ್ನ ತಲೆಗೆ ಬಂದ್ಮೇಲೆ, ಇನ್ನು ಮುಚ್ಚಳದ ಬಗ್ಗೆ ಕೂಗಾಡಲ್ಲ, ಅದಕ್ಕೊಂದು ಕಿಟಕಿ ಕೊರೆದು ಗಾಜು ಕೂರಿಸ್ತೀನಿ, ಮೇಲಿಂದಾನೇ ನೋಡಿ ಮಾವ ಅಂದೆ. ಗಾಜಿನ ಅಂಗಡಿಗೆ ಸಂಜೆ ಹೋಗೋಣ ಅಂತಿದ್ದೆ. ಸಂಜೆ ಬರೋಷ್ಟರಲ್ಲಿ ಕೆಲಸ ಮುಗಿದಿತ್ತು. ಹಾಲ್ ಗೋಡೆ ಮೇಲೆ ನಮ್ಮ ಮದ್ವೆ ಫೋಟೋ ಗಾಜಿಲ್ದೆ ನೇತಾಡ್ತಾ ಇದೆ, ಹೆಂಡ್ತಿ ಅಡುಗೆಮನೇಲಿ ಪಾತ್ರೆಗಳ ಜೊತೆ ಸ್ವಲ್ಪ ಜೋರಾಗಿ ಮಾತಾಡ್ತಾ ಇದಾಳೆ, ಥರ್ಮಾಕೋಲ್ ಚೂರು ಮನೆ ತುಂಬಾ ಹಾರಾಡ್ತಾ ಇದೆ. ಬಾಗಿಲಲ್ಲಿ ಪಕ್ಕದ್ಮನೆ ಅಂಕಲ್, ರಾತ್ರಿ ಹೂತಿದ್ದೇನು ಅಂತ ವಿಚಾರಿಸೋಕೆ ಕೊನೆಗೂ ಧೈರ್ಯ ಮಾಡಿ ಬಂದಿದ್ರು ಅನ್ಸುತ್ತೆ. ಅವರನ್ನ ಮಾವ ಆಗ್ಲೇ ಡಬ್ಬದ ಮುಂದೆ ಕೂರ್ಸಿದ್ರು. ಒಳಗೆ ಮೊಟ್ಟೆ ಇಲ್ಲ, ಏನಿಲ್ಲ, ಬಲ್ಬ್ ಉರೀತಾ ಇದೆ ಅಷ್ಟೇ.

"ಇನ್ಮೇಲೆ ಮುಚ್ಚಳ ಎತ್ತಂಗೇ ಇಲ್ಲ ಸ್ವಾಮಿ, ಗಾಜು ಹಾಕಿವ್ನಿ" ಅಂತ ಹೇಳ್ತಾ, ಗಾಜು ಅವರಿಗೆ ಸರಿಯಾಗಿ ಕಾಣ್ಲಿ ಅಂತ, ಮುಚ್ಚಳ ಎತ್ತಿ ಅವರ ಕೈಗೆ ಕೊಟ್ರು.