ಹಾಡುವವರು ಬದಲಾದ ಮೇಲೂ ಬ್ಯಾಂಡಿಗೆ ಅದೇ ಹೆಸರಾ?

1996ರಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್‌ನಲ್ಲಿ ನಾಲ್ಕು ಹುಡುಗರು, ಒಬ್ಬ ಹುಡುಗಿ ಸೇರಿ ಒಂದು ಪಾಪ್ ಬ್ಯಾಂಡ್ ಕಟ್ಟಿದರು. ಹೆಸರು 'ಲಾ ಒರೇಹಾ ದೆ ವಾನ್ ಗೋಗ್', ಅಂದರೆ ಚಿತ್ರಕಾರ ವ್ಯಾನ್ ಗೋನ ಕಿವಿ. ಹೌದು, ಆ ಕೊಯ್ದುಕೊಂಡ ಕಿವಿಯೇ! 2007ರಲ್ಲಿ ಗಾಯಕಿ ಅಮಾಯಾ ಮೊಂತೇರೊ ಹೊರಟರು. ಮರುವರ್ಷ ಲೇಯ್ರೆ ಮಾರ್ಟಿನೆಸ್ ಬಂದರು. ಹೆಸರು ಹಾಗೇ ಉಳಿಯಿತು.

ಪರ

ಒಬ್ಬರು ಹೊರಟರು ಅಂತ ಉಳಿದ ನಾಲ್ವರು ಬೋರ್ಡ್ ಯಾಕೆ ಇಳಿಸಬೇಕು? ಹಾಡು ಕಟ್ಟುವವರು, ಬಾರಿಸುವವರು ಅಲ್ಲೇ ಇದ್ದರಲ್ಲ.

ಅನುಮಾನವಿದ್ದರೆ 2008ರ ಆಲ್ಬಮ್‌ನ 'ಹುವೇವೆಸ್' ಕೇಳಿ. ಹಾಗಂದರೆ ಗುರುವಾರ. ದಿನಾ ರೈಲಿನಲ್ಲಿ ಎದುರಿಗೆ ಕೂರುವ ಹುಡುಗನಿಗಾಗಿ ಒಬ್ಬಳು ತನ್ನ ಅತಿ ಚೆಂದದ ಸ್ಕರ್ಟ್ ಹಾಕಿಕೊಂಡು ಬರುತ್ತಾಳೆ. ಅವನಿಗೆ ಅದರ ಸುಳಿವೂ ಇಲ್ಲ. ಕೊನೆಗೊಂದು ದಿನ ಮಾತು ಶುರುವಾಗುತ್ತದೆ. ಅವನು ಕೈ ಹಿಡಿಯುತ್ತಾನೆ. ರೈಲು ಸುರಂಗಕ್ಕೆ ನುಗ್ಗುತ್ತದೆ, ಬೆಳಕು ಆರುತ್ತದೆ. ಅವತ್ತು ಮಾರ್ಚ್ 11. 2004ರಲ್ಲಿ ಮ್ಯಾಡ್ರಿಡ್‌ನ ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದ ಗುರುವಾರ. ಲೇಯ್ರೆ ಇದನ್ನು ಎಲ್ಲೂ ಗೋಳಾಡದೆ ಹಾಡುತ್ತಾರೆ. ಬಂದ ಮೊದಲ ಆಲ್ಬಮ್‌ನಲ್ಲೇ ಇಂಥ ಹಾಡು ಕೊಟ್ಟ ಮೇಲೆ ಬ್ಯಾಂಡ್ ಬದುಕಿದೆ ಅಂತಲೇ ಅರ್ಥ, ಅಲ್ವಾ?

ವಿರೋಧ

'ಹುವೇವೆಸ್' ಬಗ್ಗೆ ನನ್ನದೂ ತಕರಾರಿಲ್ಲ. ನನಗೂ ಕಣ್ಣು ತುಂಬುತ್ತದೆ. ಆದರೆ ಅಮಾಯಾ ಸುಮ್ನೆ ಹಾಡಿ ಹೋದವರಲ್ಲ, ಹಾಡು ಬರೆದವರೂ ಹೌದು. ನಾಲ್ಕು ಆಲ್ಬಮ್ ಅವರ ದನಿಯಲ್ಲೇ ಜನರ ಕಿವಿಗೆ ಬಿದ್ದಿವೆ.

ಹಳೇ ಹೆಸರಿನಿಂದ ಜಾಸ್ತಿ ಪೆಟ್ಟು ತಿಂದವರು ಲೇಯ್ರೆ. ಟಿಕೆಟ್ ಮೇಲೆ ಆ ಹೆಸರಿದ್ದರೆ ಜನ ಅಮಾಯಾ ಹಾಡಿದ್ದ 2003ರ 'ರೋಸಾಸ್' ಹಾಡಿ ಅಂತ ಕೇಳಿಯೇ ಕೇಳುತ್ತಾರೆ. ಹಾಡಿದರೆ ಹೋಲಿಕೆ, ಹಾಡದಿದ್ದರೆ ಬೇಸರ. ಅಮಾಯಾ ಇದ್ದದ್ದು 11 ವರ್ಷ. ಲೇಯ್ರೆ ಅದಕ್ಕಿಂತ ಜಾಸ್ತಿ, 16 ವರ್ಷ ಇದ್ದರು. ಆದರೂ ಎಷ್ಟೋ ಜನರಿಗೆ ಅವರು ಕೊನೇವರೆಗೂ 'ಆಮೇಲೆ ಬಂದವರು'. ಮನೆ ಅವರ ಹೆಸರಿಗೆ ಆಗಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಅವರು ಬ್ಯಾಂಡ್‌ನಿಂದ ಬೇರೆಯಾದರು. 2025ರ ಅಕ್ಟೋಬರ್‌ನಲ್ಲಿ ಅಮಾಯಾ ವಾಪಸ್ ಬರುವ ಸುದ್ದಿ ಹೊರಬಿತ್ತು. 2008ರಲ್ಲೇ ಹೆಸರು ಬದಲಿಸಿದ್ದರೆ ಆ 16 ವರ್ಷ ಲೇಯ್ರೆಯದೇ ಆಗಿರುತ್ತಿತ್ತು.

ಈಗ ಗುಂಪಿನಲ್ಲಿ ಯಾರಾದರೂ 'ಹುವೇವೆಸ್' ಅಂತ ಕೂಗಿದರೆ, ಅದನ್ನು ಅಮಾಯಾ ಹಾಡಬೇಕು.