ನಡುಕಕ್ಕೆ ಬೈಗುಳ ಮದ್ದಲ್ಲ
ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮದ್ಯವ್ಯಸನಿಗಳನ್ನು ತಾತ್ಸಾರದಿಂದ ಕಾಣುತ್ತಾರೆ ಎಂಬ ಲೇಖನದ ಮಾತು ನೂರಕ್ಕೆ ನೂರು ನಿಜ. ನಮ್ಮ ಸೋದರಮಾವನ ಕೈಯಲ್ಲಿ ಚೀಟಿ ನಿಲ್ಲದಷ್ಟು ನಡುಕವಿತ್ತು. ‘ಕುಡಿದು ಬಂದವರನ್ನು ನೋಡುವುದಿಲ್ಲ, ಮೊದಲು ಬಿಟ್ಟು ಬನ್ನಿ’ ಎಂದು ಅಲ್ಲಿನ ನರ್ಸ್ ಗದರಿದರು. ಮಾವ ನಡುಗುತ್ತಿದ್ದುದೇ ಕುಡಿತ ಬಿಟ್ಟಿದ್ದರಿಂದ! ವರ್ಷಗಟ್ಟಲೆ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎರಡು-ಮೂರು ದಿನಗಳಲ್ಲಿ ಸನ್ನಿ ಹಿಡಿದು ಜೀವಕ್ಕೇ ಕುತ್ತಾಗಬಹುದು. ಇದನ್ನು ತಡೆಯಲು ಡಯಜೆಪಾಮ್‌ನಂತಹ ಹಳೆಯ, ಅಗ್ಗದ ಔಷಧಗಳಿವೆ. ಸಿಬ್ಬಂದಿಯ ಮೇಲೆ ಹೊರೆ ಹೆಚ್ಚು, ಕುಡಿದವರ ಗಲಾಟೆಯನ್ನೂ ಅವರೇ ಸಹಿಸಬೇಕು, ಒಪ್ಪುತ್ತೇನೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ತೊಂದರೆಗಳನ್ನು ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ತಂದಿದೆ. ನಿಮ್ಹಾನ್ಸ್ ಇರುವ ರಾಜ್ಯ ನಮ್ಮದು. ವೈದ್ಯರಿಗಷ್ಟೇ ಅಲ್ಲ, ನರ್ಸ್, ಫಾರ್ಮಸಿಸ್ಟ್, ಚೀಟಿ ಬರೆಯುವವರಿಗೂ ಮದ್ಯವ್ಯಸನಿಗಳನ್ನು ರೋಗಿಗಳಂತೆ ಕಾಣುವ ತರಬೇತಿ ಸಿಗಲೇಬೇಕು.